ಬಯಾಪ್ಸಿಯ ತುಣುಕು ಪ್ರಯೋಗಾಲಯ ತಲುಪುವ ಮೊದಲು

ಶಿವಮೊಗ್ಗದ ಆಸ್ಪತ್ರೆಯೊಂದರ ಹಿಸ್ಟೋಪೆಥಾಲಜಿ ವಿಭಾಗದಲ್ಲಿ ನಾನು ಟೆಕ್ನಿಷಿಯನ್. ದೇಹದಿಂದ ತೆಗೆದ ತುಣುಕನ್ನು ಪೆಥಾಲಜಿಸ್ಟ್ ಸೂಕ್ಷ್ಮದರ್ಶಕದಲ್ಲಿ ನೋಡುವಂತೆ ಸಿದ್ಧಪಡಿಸುವುದು ನನ್ನ ಕೆಲಸ. ಕ್ಯಾನ್ಸರ್ ಹೌದೋ ಅಲ್ಲವೋ ಎಂದು ತೀರ್ಮಾನಿಸುವವರು ಅವರು. ಆದರೆ ಆ ತೀರ್ಮಾನ ಎಷ್ಟು ಖಚಿತವಾಗಿರುತ್ತದೆ ಎಂಬುದು ಬಹುಮಟ್ಟಿಗೆ ತುಣುಕು ನಮ್ಮ ಮೇಜಿಗೆ ಬರುವ ಮುಂಚಿನ ಗಂಟೆಗಳಲ್ಲೇ ನಿರ್ಧಾರವಾಗಿಬಿಟ್ಟಿರುತ್ತದೆ. ಈ ಕೆಲಸ ನನಗೆ ಕಲಿಸಿದ ಮುಖ್ಯ ಪಾಠ ಇದು.

ರಕ್ತ ಸಂಚಾರ ನಿಂತ ಕೂಡಲೇ ಅಂಗಾಂಶದ ಜೀವಕೋಶಗಳನ್ನು ಅವುಗಳದೇ ಕಿಣ್ವಗಳು ಕರಗಿಸತೊಡಗುತ್ತವೆ. ಅದನ್ನು ತಡೆದು, ಕೋಶಗಳನ್ನು ಇದ್ದ ರೂಪದಲ್ಲೇ ಹಿಡಿದಿಡುವುದು ಶೇ. 10ರ ಫಾರ್ಮಲಿನ್ ದ್ರಾವಣ. ತುಣುಕಿನ ಗಾತ್ರಕ್ಕಿಂತ ಕನಿಷ್ಠ 10 ಪಟ್ಟು ಹೆಚ್ಚು ದ್ರಾವಣ ಇರಬೇಕು, ಬಾಟಲಿಯ ಬಾಯಿ ಅಗಲವಾಗಿರಬೇಕು. ಸಲೈನ್ ಈ ಕೆಲಸ ಮಾಡುವುದಿಲ್ಲ.

ಒಂದು ಮಳೆಗಾಲದಲ್ಲಿ ಹೊಸನಗರದ ಕಡೆಯ ಅಡಿಕೆ ಬೆಳೆಗಾರರೊಬ್ಬರು, ತಂದೆಯ ನಾಲಗೆಯ ಅಂಚಿನ ಹುಣ್ಣಿನಿಂದ ತೆಗೆದ ತುಣುಕನ್ನು ಜೇಬಿನಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದಿದ್ದರು. “ನಿನ್ನೆ ಮಧ್ಯಾಹ್ನ ತೆಗೆದಿದ್ದು ಮೇಡಂ, ನೀರಲ್ಲೇ ಇಟ್ಟು ಕೊಟ್ಟಿದ್ದಾರೆ” ಎಂದರು. ಮುಚ್ಚಳ ತೆಗೆದರೆ ಫಾರ್ಮಲಿನ್‌ನ ಘಾಟು ಇರಲಿಲ್ಲ. ಒಳಗಿದ್ದದ್ದು ಸಲೈನ್, ಅದೂ ಕದಡಿಹೋಗಿತ್ತು. ಸ್ಲೈಡ್ ಮಾಡಿದಾಗ ಕೋಶಗಳ ಗಡಿಗಳೇ ಅಳಿಸಿದ್ದವು, ನ್ಯೂಕ್ಲಿಯಸ್‌ಗಳು ಮಸುಕಾಗಿದ್ದವು. ಆ ಹಿರಿಯರು ಮತ್ತೊಮ್ಮೆ ಬಯಾಪ್ಸಿ ಮಾಡಿಸಿಕೊಳ್ಳಬೇಕಾಯಿತು. ಬಾಯಿ ಸರಿಯಾಗಿ ತೆರೆಯಲಾಗದ ರೋಗಿಗೆ ಅದು ಸಣ್ಣ ನೋವಲ್ಲ. ಅಡಿಕೆಯನ್ನೇ ನೆಚ್ಚಿ ಬದುಕುವ ನಮ್ಮ ಸೀಮೆಯಲ್ಲಿ ಈ ಮಾತು ಕಹಿಯೆನಿಸಬಹುದು. ಆದರೂ ಬಾಯಿಯ ಒಳಪದರ ಗಡುಸಾಗಿ ದವಡೆ ಬಿಗಿಯುವ ಫೈಬ್ರೋಸಿಸ್‌ಗೆ ಅಡಿಕೆ ಜಗಿಯುವುದೇ ಮುಖ್ಯ ಕಾರಣ, ಮತ್ತು ತಂಬಾಕು ಬೆರೆಸದ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಮೂರು ವಾರವಾದರೂ ಮಾಯದ ಬಾಯಿಹುಣ್ಣನ್ನು ವೈದ್ಯರಿಗೆ ತೋರಿಸಲೇಬೇಕು.

“ಸ್ಕ್ಯಾನಿಂಗ್‌ನಲ್ಲೇ ಗಡ್ಡೆ ಕಂಡಿದೆಯಲ್ಲ, ಮತ್ತೆ ತುಣುಕು ಯಾಕೆ ತೆಗೀಬೇಕು, ಚಾಕು ತಾಗಿದರೆ ಕೆರಳೋದಿಲ್ವಾ?” ಎಂದು ಕೌಂಟರಿನಲ್ಲಿ ಆಗಾಗ ಕೇಳುತ್ತಾರೆ. ಆ ಭಯ ನನಗೆ ಅರ್ಥವಾಗುತ್ತದೆ. ಆದರೆ ಸರಿಯಾದ ವಿಧಾನದಲ್ಲಿ ಮಾಡಿದ ಬಯಾಪ್ಸಿಯಿಂದ ರೋಗ ಹರಡುವುದು ತೀರಾ ಅಪರೂಪ, ಬಯಾಪ್ಸಿ ಇಲ್ಲದೆ ಚಿಕಿತ್ಸೆ ಶುರು ಮಾಡುವ ಅಪಾಯ ಅದಕ್ಕಿಂತ ಬಹಳ ದೊಡ್ಡದು. ಕತ್ತಿನ ಗಂಟು ಕ್ಷಯದಿಂದಲೂ ಬರಬಹುದು, ಲಿಂಫೋಮಾ ಎಂಬ ದುಗ್ಧಗ್ರಂಥಿಗಳ ಕ್ಯಾನ್ಸರಿನಿಂದಲೂ ಬರಬಹುದು. ಒಂದಕ್ಕೆ ತಿಂಗಳುಗಟ್ಟಲೆ ಕ್ಷಯದ ಮಾತ್ರೆ, ಇನ್ನೊಂದಕ್ಕೆ ಕೀಮೋಥೆರಪಿ. ಸೂಜಿ ಪರೀಕ್ಷೆಯಲ್ಲಿ ಬಿಡಿ ಕೋಶಗಳು ಮಾತ್ರ ಸಿಗುವುದರಿಂದ, ಲಿಂಫೋಮಾದಂಥ ರೋಗಗಳಲ್ಲಿ ಗಂಟಿನ ಒಳರಚನೆ ನೋಡಲು ಇಡೀ ಗಂಟನ್ನೇ ತೆಗೆಯಬೇಕಾಗಿ ಬರುತ್ತದೆ.

ವರದಿ ತಡವಾಗುವುದಕ್ಕೂ ಕಾರಣಗಳಿವೆ. ಫಾರ್ಮಲಿನ್ ಒಳಗಿಳಿಯಲು ಸಮಯ ಬೇಕು. ಆಮೇಲೆ ತುಣುಕಿನ ನೀರನ್ನು ಆಲ್ಕೋಹಾಲಿನಿಂದ ತೆಗೆದು, ಮೇಣದಲ್ಲಿ ಕೂರಿಸಿ ಬ್ಲಾಕ್ ಮಾಡಿ, ಮೈಕ್ರೋಟೋಮ್ ಯಂತ್ರದಲ್ಲಿ 3ರಿಂದ 5 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ದಪ್ಪದ ಪದರಗಳಾಗಿ ಕತ್ತರಿಸಿ, ಬಿಸಿನೀರಿನ ಮೇಲೆ ತೇಲಿಸಿ ಗಾಜಿಗೆ ಹಿಡಿದು ಬಣ್ಣ ಹಾಕುತ್ತೇವೆ. ನ್ಯೂಕ್ಲಿಯಸ್ ನೀಲಿ, ಉಳಿದ ಭಾಗ ಗುಲಾಬಿ. ಮೂಳೆಯಾದರೆ ಮೊದಲು ಸುಣ್ಣದ ಅಂಶ ಕರಗಿಸಬೇಕಾದ್ದರಿಂದ ಇನ್ನೂ ಕೆಲವು ದಿನ ಹಿಡಿಯುತ್ತದೆ.

ಸ್ತನ ಕ್ಯಾನ್ಸರಿನಲ್ಲಿ ಈ ಎಚ್ಚರ ಇನ್ನಷ್ಟು ಮುಖ್ಯ. ಗಡ್ಡೆಯ ಕೋಶಗಳಲ್ಲಿ ಈಸ್ಟ್ರೋಜನ್, ಪ್ರೊಜೆಸ್ಟೆರಾನ್ ಹಾರ್ಮೋನುಗಳನ್ನು ಹಿಡಿದುಕೊಳ್ಳುವ ಗ್ರಾಹಕಗಳು ಇವೆಯೇ, ಹರ್-2 ಪ್ರೋಟೀನ್ ಹೆಚ್ಚಿದೆಯೇ ಎಂಬುದರ ಮೇಲೆ ಟಮಾಕ್ಸಿಫೆನ್‌ನಂಥ ಮಾತ್ರೆ ಕೊಡಬೇಕೋ, ಟ್ರಾಸ್ಟುಜುಮಾಬ್ ಚುಚ್ಚುಮದ್ದು ಬೇಕೋ ಎಂಬುದು ನಿರ್ಧಾರವಾಗುತ್ತದೆ. ಈ ಪರೀಕ್ಷೆಗಳು ನಂಬಲರ್ಹವಾಗಬೇಕಾದರೆ ತೆಗೆದ ಒಂದು ಗಂಟೆಯೊಳಗೆ ಅಂಗಾಂಶ ಫಾರ್ಮಲಿನ್ ಸೇರಬೇಕು, ಅದರಲ್ಲಿ 6 ಗಂಟೆಗಿಂತ ಕಡಿಮೆಯೂ 72 ಗಂಟೆಗಿಂತ ಹೆಚ್ಚೂ ಇರಬಾರದು. ಶನಿವಾರ ಸಂಜೆ ಸಾಗರದಲ್ಲೋ ತೀರ್ಥಹಳ್ಳಿಯಲ್ಲೋ ತೆಗೆದು, ಮಂಗಳವಾರ ರಾತ್ರಿ ಕೈಸೇರುವ ತುಣುಕು ಆ ಮಿತಿಯನ್ನು ದಾಟಿಹೋಗಿರುತ್ತದೆ. ತೆಗೆದ ಹೊತ್ತನ್ನೂ ಫಾರ್ಮಲಿನ್‌ಗೆ ಹಾಕಿದ ಹೊತ್ತನ್ನೂ ಫಾರ್ಮಿನಲ್ಲಿ ಬರೆಯಬೇಕೆಂದು ನಾವು ಪಟ್ಟು ಹಿಡಿಯುವುದು ಇದಕ್ಕೇ.

ವರದಿ ಕೈಗೆ ಬಂದ ಮೇಲೆ ಗ್ರೇಡ್ 3 ಎಂಬುದನ್ನು ಮೂರನೇ ಹಂತವೆಂದು ಓದಿ ಮನೆಮಂದಿಯೆಲ್ಲ ಎದೆಗುಂದುವುದನ್ನು ಕಂಡಿದ್ದೇನೆ. ಗ್ರೇಡ್ ಕೋಶಗಳ ಸ್ವಭಾವವನ್ನು ಹೇಳುತ್ತದೆ, ಹಂತ ರೋಗ ಎಷ್ಟು ದೂರ ಹೋಗಿದೆ ಎಂಬುದನ್ನು.

ಹೆಚ್ಚಿನ ಚಿಕಿತ್ಸೆಗೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೊರಡುವವರು ವರದಿಯ ಜೊತೆ ಸ್ಲೈಡುಗಳನ್ನೂ ಮೇಣದ ಬ್ಲಾಕುಗಳನ್ನೂ ನಮ್ಮಿಂದ ಕೇಳಿ ಪಡೆಯಬೇಕು. ಅಲ್ಲಿನವರು ಮರುಪರಿಶೀಲನೆ ಮಾಡುತ್ತಾರೆ. ಹೊಸ ಪರೀಕ್ಷೆ ಬೇಕಾದರೆ ಅದೇ ಬ್ಲಾಕಿನಿಂದ ಇನ್ನಷ್ಟು ಪದರ ಕತ್ತರಿಸಬಹುದು, ರೋಗಿಗೆ ಮತ್ತೆ ಸೂಜಿ ಚುಚ್ಚುವ ಪ್ರಸಂಗ ಅನೇಕ ಸಲ ತಪ್ಪುತ್ತದೆ. ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಬ್ಲಾಕುಗಳನ್ನು ಬಿಡಬೇಡಿ, ಮೇಣ ಮೆತ್ತಗಾಗುತ್ತದೆ. ಬ್ಲಾಕಿನ ಮೇಲಿನ ಸಂಖ್ಯೆಯೂ ವರದಿಯ ಸಂಖ್ಯೆಯೂ ಒಂದೇ ಇದೆಯೇ ಎಂದು ಕೌಂಟರಿನಲ್ಲೇ ನಿಂತು ತಾಳೆ ನೋಡಿಕೊಳ್ಳಿ. ಕೇಳಿದರೆ ನಾವೇ ಜೊತೆಗೆ ನಿಂತು ತೋರಿಸುತ್ತೇವೆ.