ಜಿನೋವಾ ಬಂದರಿನಲ್ಲಿ ನೀರಿಗೆ ಬೆನ್ನು ಮಾಡಿ ನಿಂತರೆ

ಇಟಲಿಯ ಜಿನೋವಾದ ಹಳೆ ಬಂದರಿಗೆ ಬಂದ ಪ್ರವಾಸಿಗರಲ್ಲಿ ಹೆಚ್ಚಿನವರು ನೇರ ಅಕ್ವೇರಿಯಂ ಮುಂದಿನ ಸಾಲಿಗೆ ಸೇರುತ್ತಾರೆ. ಜೊತೆಗೆ ಮಕ್ಕಳಿದ್ದರೆ ಅದು ಸರಿಯೇ. ಆದರೆ ಕೈಯಲ್ಲಿರುವುದು ಅರ್ಧ ದಿನವಾದರೆ ಆ ಸಾಲು ಬಿಟ್ಟು, ನೀರಿಗೆ ಬೆನ್ನು ಮಾಡಿ ಊರಿನ ಕಡೆ ನೋಡಿ. ಎದುರಿಗೆ ಮೈತುಂಬ ಚಿತ್ರ ಬರೆಸಿಕೊಂಡ ಕಟ್ಟಡವೊಂದು ಕಾಣುತ್ತದೆ. ಅದು ಪಲಾಜ್ಜೊ ಸಾನ್ ಜಾರ್ಜೊ. ಈ ಬಂದರಿನಲ್ಲಿ ಒಂದೇ ಒಂದನ್ನು ನೋಡಬೇಕೆಂದರೆ ಇದನ್ನೇ ನೋಡಬೇಕು.

ಸಮುದ್ರದ ಕಡೆಯ ಗೋಡೆಯಲ್ಲಿ ಕಾಣುವ ಕಂಬ, ಗೂಡು, ಮೂರ್ತಿಗಳು ಬಹುಪಾಲು ಬಣ್ಣವೇ, ಕಲ್ಲಲ್ಲ. ನಡುವೆ ಡ್ರ್ಯಾಗನ್ನನ್ನು ಕೊಲ್ಲುತ್ತಿರುವ ಸಂತ ಜಾರ್ಜ್. ಲಾಜ್ಜಾರೊ ತವಾರೋನೆ 1606–08ರಲ್ಲಿ ಬರೆದ ಚಿತ್ರಗಳಿವು. ಉಪ್ಪುಗಾಳಿಗೆ ಮಾಸಿ ಮಾಸಿ ಆಮೇಲೆ ಮತ್ತೆ ಬರೆಸಿದ್ದಾರೆ. ಬಹಳ ಜನ ಇಲ್ಲೇ ಒಂದು ಫೋಟೊ ತೆಗೆದು ಮುಂದಕ್ಕೆ ಹೋಗಿಬಿಡುತ್ತಾರೆ. ಕಟ್ಟಡವನ್ನು ಸುತ್ತಿ ಹಿಂದಕ್ಕೆ ಹೋಗಿ. ಬಣ್ಣದ ಭಾಗ 16ನೇ ಶತಮಾನದಲ್ಲಿ ಸೇರಿಸಿದ್ದು. ಹಿಂದಿನ ಕಲ್ಲು–ಇಟ್ಟಿಗೆಯ ಭಾಗ 1260ರದು, ಆಗ ಊರನ್ನು ಆಳುತ್ತಿದ್ದ ಗುಲಿಯೆಲ್ಮೊ ಬೊಕ್ಕಾನೆಗ್ರಾ ಕಟ್ಟಿಸಿದ್ದು.

ಅದಕ್ಕೆ ಬಳಸಿದ ಕಲ್ಲುಗಳಲ್ಲಿ ಒಂದಷ್ಟು ಬಂದದ್ದು ಕಾನ್‌ಸ್ಟಾಂಟಿನೋಪಲ್‌ನಿಂದ. ಬೈಜಾಂಟಿನ್ ಚಕ್ರವರ್ತಿ ಎಂಟನೇ ಮೈಕೇಲ್ ತನ್ನ ರಾಜಧಾನಿಯನ್ನು ಮರಳಿ ಪಡೆಯುವಾಗ ಜಿನೋವಾ ಅವನ ಪಕ್ಷದಲ್ಲಿತ್ತು. ಪ್ರತಿಫಲವಾಗಿ ಅಲ್ಲಿ ವೆನಿಸ್‌ನವರಿಗಿದ್ದ ಕಟ್ಟಡ ಇವರ ಕೈಗೆ ಬಂತು. ಇವರು ಅದನ್ನು ಕೆಡವಿ, ಕಲ್ಲುಗಳನ್ನು ಹಡಗಿಗೇರಿಸಿ ತಂದು ಇಲ್ಲಿ ಕೂಡಿಸಿದರು. ಮುಂದೆ 1298ರಲ್ಲಿ ವೆನಿಸ್‌ನವನಾದ ಮಾರ್ಕೊ ಪೋಲೊ ಜಿನೋವಾದಲ್ಲಿ ಸೆರೆಯಾಳಾಗಿದ್ದ. ಅವನನ್ನು ಇಟ್ಟಿದ್ದು ಇದೇ ಕಟ್ಟಡದಲ್ಲಿ ಎಂದು ಊರು ಹಿಂದಿನಿಂದ ಹೇಳಿಕೊಂಡು ಬಂದಿದೆ. ಅವನು ಹೇಳಿದ ಪ್ರವಾಸವನ್ನು ಬರೆದುಕೊಂಡ ರುಸ್ತಿಕೆಲ್ಲೊ ಪೀಸಾದವನು, ಅವನೂ ಸೆರೆಯಾಳೇ. ಜಿನೋವಾದ ಇಬ್ಬರು ದೊಡ್ಡ ವೈರಿಗಳ ಊರಿನವರು ಒಂದೇ ಸೆರೆಯಲ್ಲಿ ಕೂತು, ನಾವು ಇವತ್ತಿಗೂ ಓದುವ ಪ್ರವಾಸ ಕಥನವನ್ನು ಹುಟ್ಟಿಸಿದರು. ವೆನಿಸ್‌ನಿಂದ ಕಿತ್ತುಕೊಂಡ ಕಲ್ಲಿನ ಗೋಡೆಯ ಬುಡದಲ್ಲಿ ನಿಂತು ಇದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ.

1407ರಲ್ಲಿ ಹುಟ್ಟಿದ ಸಾನ್ ಜಾರ್ಜೊ ಬ್ಯಾಂಕಿಗೆ ಇದು ಮನೆಯಾಯಿತು. ರಾಜ್ಯಕ್ಕೇ ಸಾಲ ಕೊಡುತ್ತಿದ್ದ ಬ್ಯಾಂಕು. 1453ರಿಂದ ಕೆಲವು ಕಾಲ ಕಾರ್ಸಿಕಾ ದ್ವೀಪದ ಆಡಳಿತವನ್ನೂ ಅದೇ ನಡೆಸಿತು. ನೆಪೋಲಿಯನ್ ಕಾಲದಲ್ಲಿ, 1805ರಲ್ಲಿ, ಬಾಗಿಲು ಹಾಕಿತು. ಈಗ ಒಳಗೆ ಬಂದರು ಪ್ರಾಧಿಕಾರದ ಕಚೇರಿ ಇರುವುದರಿಂದ ಎಲ್ಲ ದಿನವೂ ಬಿಡುವುದಿಲ್ಲ. ಹಳೆಯ ಅರಮನೆಗಳನ್ನು ಸಾರ್ವಜನಿಕರಿಗೆ ತೆರೆಯುವ ‘ರೊಲ್ಲಿ ಡೇಸ್’ ದಿನಗಳಿಗೆ ಪ್ರಯಾಣ ಹೊಂದಿಸಿಕೊಂಡರೆ ಒಳಗೂ ನೋಡುವ ಅವಕಾಶ ಹೆಚ್ಚು.

ಈ ಕಟ್ಟಡಕ್ಕೂ ನೀರಿಗೂ ನಡುವೆ 1965ರ ಮೇಲುರಸ್ತೆ ಹಾದುಹೋಗುತ್ತದೆ. ಅದನ್ನು ಮೆಚ್ಚಲು ಸಾಧ್ಯವೇ ಇಲ್ಲ. ಹಡಗಿನಿಂದ ಬರುವವರಿಗೆಂದೇ ಬರೆಸಿದ ಚಿತ್ರದ ಮುಂದೆ ಕಾಂಕ್ರೀಟು ಮತ್ತು ಕಾರಿನ ಸದ್ದು. ಪೂರ್ತಿ ಚಿತ್ರ ಕಾಣಬೇಕಾದರೆ ರಸ್ತೆಯಡಿಯಿಂದ ಊರಿನ ಕಡೆಗೆ ಬಂದು, ತಲೆಯೆತ್ತಿ ನೋಡಬೇಕು.

ಪಕ್ಕದಲ್ಲೇ ಸೊತ್ತೊರೀಪಾ. 12ನೇ ಶತಮಾನದ ಕಮಾನುಸಾಲು ಇದು; ಆಗ ಸಮುದ್ರ ಇದರ ಬುಡದವರೆಗೂ ಇತ್ತು. ಈಗ ಕಮಾನುಗಳಡಿ ಮೀನು ಕರಿಯುವ ಅಂಗಡಿಗಳು, ಫಾರಿನಾತಾ ಬೇಯಿಸುವ ಒಲೆಗಳು. ಫಾರಿನಾತಾ ಎಂದರೆ ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು, ಅಷ್ಟೇ. ಒಂದು ಕಿಲೊ ಹಿಟ್ಟಿಗೆ ಮೂರು ಲೀಟರ್ ನೀರು. ಗಂಟಿಲ್ಲದೆ ಕಲಸಿ ನಾಲ್ಕು ಗಂಟೆಯಾದರೂ ಬಿಟ್ಟು, ಮೇಲೆ ಬಂದ ನೊರೆ ತೆಗೆದು, ಕಲಾಯಿ ಹಾಕಿದ ಅಗಲ ತಾಮ್ರದ ತಟ್ಟೆಗೆ ಧಾರಾಳ ಎಣ್ಣೆ ಸುರಿದು, ಹಿಟ್ಟನ್ನು ಅರ್ಧ ಸೆಂಟಿಮೀಟರ್‌ನಷ್ಟು ತೆಳ್ಳಗೆ ಹರಡಿ, ಸೌದೆ ಒಲೆಗೆ ತಳ್ಳುತ್ತಾರೆ. ನೊರೆ ತೆಗೆಯದಿದ್ದರೆ ಮೇಲ್ಮೈ ಗುಳ್ಳೆಯೆದ್ದು ಸೀಯುತ್ತದೆ. ಒಲೆಯ ಕಾವು ಸಾಲದಿದ್ದರೆ ಮೇಲೆ ಗರಿಯಾಗುವ ಮೊದಲೇ ಒಳಗೆ ಒಣಗುತ್ತದೆ. ಬಿಸಿ ಇರುವಾಗಲೇ ಕಾಳುಮೆಣಸಿನ ಪುಡಿ ಉದುರಿಸಿ ತಿನ್ನಬೇಕು. ಆರಿದ ಮೇಲೆ ಬರೀ ಹಿಟ್ಟಿನ ರುಚಿ.

ನಮ್ಮ ಸಸ್ಯಾಹಾರಿಗಳಿಗೆ ಇದು ದೊಡ್ಡ ಅನುಕೂಲ, ಆದರೆ ಕೇಳಿ ತಿನ್ನಿ. ಸಣ್ಣ ಮೀನು ಹಾಕಿದ ಫಾರಿನಾತಾವೂ ಇದೆ. ಅದೇ ಕಡಲೆಹಿಟ್ಟನ್ನು ಗಟ್ಟಿಯಾಗಿ ಬೇಯಿಸಿ, ತುಂಡು ಮಾಡಿ ಕರಿದ ಪಾನಿಸ್ಸಾದಲ್ಲಿ ಮೀನಿಲ್ಲ, ಆದರೆ ಬಾಣಲೆಯ ಎಣ್ಣೆ ಮೀನು ಕರಿದದ್ದೇ ಇರಬಹುದು. ಬೇಸಿಲ್ ಎಲೆ ಅರೆದು ಮಾಡುವ ಹಸಿರು ಚಟ್ನಿ ಪೆಸ್ತೊದ ಚೀಸ್‌ನಲ್ಲಿ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಇರುತ್ತದೆ. ಮಧ್ಯಾಹ್ನದ ಊಟದ ಹೊತ್ತು ದಾಟಿದರೆ ಒಲೆ ಆರಿರುತ್ತದೆ, ಮತ್ತೆ ಹೊತ್ತಿಸುವುದು ಸಂಜೆಗೆ. ಆ ನಡುವೆ ಹಸಿದು ಬಂದವರಿಗೆ ಸಿಗುವುದು ತಣ್ಣಗಾದ ತುಂಡು.

ಇನ್ನೊಂದು ಎಚ್ಚರಿಕೆ ಚಕ್ರದ ಸೂಟ್‌ಕೇಸ್‌ ತಂದವರಿಗೆ. ಪ್ರಿಂಚಿಪೆ ರೈಲು ನಿಲ್ದಾಣದಲ್ಲಿ ಇಳಿದು, ಫೋನಿನ ನಕಾಶೆ ನಂಬಿ ಗಲ್ಲಿಗಳಿಗೆ ಇಳಿಯಬೇಡಿ. ಆರೇಳು ಮಹಡಿಗಳ ನಡುವೆ ಎರಡು ಮೀಟರ್ ಅಗಲದ ದಾರಿ. ಆಕಾಶವೇ ಸರಿಯಾಗಿ ಕಾಣದ ಕಡೆ ಜಿಪಿಎಸ್ ತಪ್ಪುತ್ತದೆ, ಕಲ್ಲುಹಾಸು ಮತ್ತು ಮೆಟ್ಟಿಲು ಚಕ್ರ ಮುರಿಯುತ್ತವೆ. ಮೆಟ್ರೊ ಹತ್ತಿದರೆ ದಾರ್ಸೆನಾ, ಅದಾದ ಮೇಲೆ ಸಾನ್ ಜಾರ್ಜೊ, ಎರಡೇ ನಿಲ್ದಾಣ. ಗಲ್ಲಿಯಲ್ಲಿ ದಾರಿ ತಪ್ಪಿದರೆ ಇಳಿಜಾರು ಹಿಡಿಯಿರಿ, ಬಂದರಿಗೇ ಬರುತ್ತೀರಿ.

1992ರ ಎಕ್ಸ್‌ಪೋಗೆ ಮುಂಚೆ ಈ ಜಾಗ ಕಸ್ಟಮ್ಸ್ ಬೇಲಿಯೊಳಗಿತ್ತು. ಊರಿನವರಿಗೇ ನೀರಿನ ಅಂಚಿಗೆ ಬರುವಂತಿರಲಿಲ್ಲ. ಕೊಲಂಬಸ್ ಯಾನದ 500ನೇ ವರ್ಷಕ್ಕೆ ಇದೇ ಊರಲ್ಲಿ ಹುಟ್ಟಿದ ವಾಸ್ತುಶಿಲ್ಪಿ ರೆಂಜೊ ಪಿಯಾನೊ ಇದನ್ನು ಬಿಡಿಸಿಕೊಟ್ಟರು. ಹತ್ತಿಯ ಗೋದಾಮುಗಳನ್ನು ಕೆಡವದೆ ಉಳಿಸಿಕೊಂಡದ್ದು ಅವರ ದೊಡ್ಡ ಕೆಲಸ. ಹಡಗಿನ ಕ್ರೇನಿನಂತೆ ಬಿಳಿ ತೋಳು ಚಾಚಿದ ಬೀಗೊ ಲಿಫ್ಟ್ 40 ಮೀಟರ್ ಮೇಲಕ್ಕೆ ಒಯ್ಯುತ್ತದೆ. ಅದು ನಿಂತಿದ್ದರೆ ಬೇಸರ ಬೇಡ. ಪೊರ್ತೆಲ್ಲೊ ಚೌಕದಿಂದ ಕಾಸ್ತೆಲ್ಲೆತ್ತೊಗೆ ಹೋಗುವ 1909ರ ಲಿಫ್ಟ್ ಹತ್ತಿ. ಕಪ್ಪು ಸ್ಲೇಟಿನ ಮಾಡುಗಳ ಆಚೆ ಇಡೀ ಬಂದರು ಕಾಣುತ್ತದೆ, ಬೀಗೊಗಿಂತ ಚೆನ್ನಾಗಿ.

ದಾರ್ಸೆನಾದ ಗಲಾತಾ ಕಡಲ ಮ್ಯೂಸಿಯಮ್ಮಿಗೆ ಅಕ್ವೇರಿಯಂಗೆ ಕೊಡುವಷ್ಟೇ ಹೊತ್ತು ಕೊಡಿ. ಹೊರಗೆ ನೀರಿನಲ್ಲೇ ನಿಂತಿರುವ ಜಲಾಂತರ್ಗಾಮಿ ನಜಾರಿಯೊ ಸೌರೊ ಒಳಗೆ ಹೋಗುವುದಾದರೆ ಹೆಲ್ಮೆಟ್ ಕೊಡುತ್ತಾರೆ. ಕೊಳವೆಗಳು ತಲೆಯ ಮಟ್ಟದಲ್ಲಿವೆ, ಬಾಗಿಲು ದುಂಡನೆಯ ತೂತು. ಮಂಡಿನೋವಿನವರಿಗೂ, ಇಕ್ಕಟ್ಟಿನಲ್ಲಿ ಉಸಿರು ಕಟ್ಟುವವರಿಗೂ ಬೇಡ.

ಲಂತೆರ್ನಾ ದೀಪಸ್ತಂಭವನ್ನು ಕೊನೆಗೆ ಇಟ್ಟುಕೊಳ್ಳಿ. ಈಗಿನದು 1543ರದು, ಎತ್ತರ 77 ಮೀಟರ್. ಸಂದರ್ಶಕರು 172 ಮೆಟ್ಟಿಲು ಹತ್ತಿ ಮೊದಲ ಜಗಲಿಯವರೆಗೆ ಹೋಗಬಹುದು. ಕಣ್ಣಿಗೆ ಹತ್ತಿರ ಕಂಡರೂ ಹಳೆ ಬಂದರಿನಿಂದ ನಡೆಯಲು ಹೊರಡಬೇಡಿ. ನಡುವೆ ದುಡಿಯುವ ಬಂದರಿದೆ, ಒಳದಾರಿ ಇಲ್ಲ. ಮೆಟ್ರೊದಲ್ಲಿ ದಿನೆಗ್ರೊಗೆ ಹೋಗಿ, ಫೆರ್ರಿ ಟರ್ಮಿನಲ್ ಬಳಿ ಶುರುವಾಗುವ ಪಾದಚಾರಿ ದಾರಿ ಹಿಡಿಯಿರಿ. ವಾರದ ಎಲ್ಲ ದಿನ ತೆರೆದಿರುವುದಿಲ್ಲ, ಹೊರಡುವ ಮುಂಚೆ ವೇಳೆ ನೋಡಿಕೊಳ್ಳಿ.