ಎರಡಿಂಚು ಟೇಪಿನ ಒಂದು ದಿನ

ಅಮೆರಿಕದ ರಾಕ್ ತಂಡ ಫೂ ಫೈಟರ್ಸ್‌ನ ಆಲ್ಬಮ್ 'ವೇಸ್ಟಿಂಗ್ ಲೈಟ್' (2011) ರೆಕಾರ್ಡ್ ಆದದ್ದು ಕ್ಯಾಲಿಫೋರ್ನಿಯಾದ ಎನ್ಸಿನೋದಲ್ಲಿ, ತಂಡದ ನಾಯಕ ಡೇವ್ ಗ್ರೋಲ್ ಮನೆಯ ಗ್ಯಾರೇಜಿನಲ್ಲಿ. ನಿರ್ಮಾಪಕ ಬುಚ್ ವಿಗ್. ಹಾಡೆಲ್ಲ ಎರಡಿಂಚು ಅಗಲದ, 24 ಟ್ರ್ಯಾಕ್ (ಅಕ್ಕಪಕ್ಕ ಓಡುವ ಬೇರೆ ಬೇರೆ ಧ್ವನಿಪಟ್ಟಿ) ಇರುವ ಟೇಪಿನ ಮೇಲೆ. ಕೇಳುಗರು ಅದರ ಸೌಂಡನ್ನು ಹೊಗಳುತ್ತಾರೆ. ಟೇಪಿನ ಜೊತೆ ದಿನ ಕಳೆದವರಿಗೆ ಮೊದಲು ನೆನಪಾಗುವುದು ಬೆಳಗಿನ ಚಾಕರಿ.

ಮೊದಲು ಯಂತ್ರದ ಹೆಡ್ಡು (ಟೇಪಿಗೆ ಸದ್ದು ಬರೆಯುವ, ಓದುವ ಭಾಗ), ಟೇಪನ್ನು ದಾರಿಯಲ್ಲಿಡುವ ಗೈಡುಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಬೇಕು. ಹತ್ತಿಗೆ ಕಂದು ಪುಡಿ ಹತ್ತುತ್ತಲೇ ಇದ್ದರೆ ಟೇಪೇ ಉದುರುತ್ತಿದೆ ಎಂದು ಅರ್ಥ. ಹೊಸ ರೀಲು ಹಾಕಿ. ಆಮೇಲೆ ಹೆಡ್ಡಿನಲ್ಲಿ ಉಳಿದ ಅಯಸ್ಕಾಂತತೆ ತೆಗೆದು (ಡೀಮ್ಯಾಗ್ನೆಟೈಸ್), ಅಳತೆಯ ಟೋನ್‌ಗಳಿರುವ ಕ್ಯಾಲಿಬ್ರೇಶನ್ ಟೇಪಿಗೆ ಪ್ಲೇಬ್ಯಾಕ್ ಹೊಂದಿಸಿ, ಬಯಾಸ್ (ರೆಕಾರ್ಡ್ ಮಾಡುವಾಗ ಸದ್ದಿನ ಜೊತೆ ಬೆರೆಸುವ, ಕಿವಿಗೆ ಕೇಳದ ಸಂಕೇತ) ಸರಿಮಾಡುವುದು. 10 ಕಿಲೋಹರ್ಟ್ಸ್ ಟೋನ್ ಕೊಟ್ಟು ಬಯಾಸ್ ಏರಿಸುತ್ತ ಹೋದರೆ ಲೆವೆಲ್ ತುದಿ ಮುಟ್ಟಿ ಇಳಿಯತೊಡಗುತ್ತದೆ. ಸೆಕೆಂಡಿಗೆ 15 ಇಂಚಿನ ವೇಗಕ್ಕೆ ಸುಮಾರು 3 ಡಿಬಿ (ಡೆಸಿಬೆಲ್) ಇಳಿದಾಗ ನಿಲ್ಲಿಸಬೇಕು. ಇಷ್ಟನ್ನೂ 24 ಚಾನೆಲ್ಲಿಗೆ ಮಾಡಬೇಕು.

2,500 ಅಡಿಯ ರೀಲು ಸೆಕೆಂಡಿಗೆ 30 ಇಂಚು ಓಡಿದರೆ ಹದಿನಾರೂವರೆ ನಿಮಿಷಕ್ಕೆ ಮುಗಿಯುತ್ತದೆ. ಅಂದರೆ ನಾಲ್ಕು ನಿಮಿಷದ ಹಾಡಿನ ನಾಲ್ಕು ಟೇಕ್. ತಂಡ ತಾಲೀಮು ಮಾಡಿಕೊಂಡೇ ಬರಬೇಕಾದದ್ದು ಇದಕ್ಕೇ. ಪಂಚ್-ಇನ್ (ಟೇಪು ಓಡುತ್ತಿರುವಾಗಲೇ ಒಂದು ತುಣುಕನ್ನು ಮತ್ತೆ ರೆಕಾರ್ಡ್ ಮಾಡುವುದು) ತಪ್ಪಿದರೆ ಹಳೆಯದು ಅಳಿಸಿಯೇ ಹೋಯಿತು, 'ಅನ್‌ಡೂ' ಇಲ್ಲ.

ಎಡಿಟಿಂಗ್ ಬ್ಲೇಡಿನಿಂದ. ಒಂದು ಟೇಕಿನ ಪಲ್ಲವಿ, ಇನ್ನೊಂದರ ಚರಣ ಸೇರಿಸಬೇಕು ಅನ್ನಿ. ರೀಲನ್ನು ಎರಡೂ ಕೈಯಲ್ಲಿ ಹಿಂದೆ ಮುಂದೆ ಆಡಿಸಿ, ಕಿಕ್ ಡ್ರಮ್ಮಿನ ಏಟು ಪ್ಲೇಬ್ಯಾಕ್ ಹೆಡ್ಡಿಗೆ ಬಂದಾಗ ಟೇಪಿನ ಬೆನ್ನಿಗೆ ಮೇಣದ ಪೆನ್ಸಿಲಿನಿಂದ ಗುರುತು ಹಾಕಬೇಕು. ಕೊಯ್ತ ಅದಕ್ಕಿಂತ ಕೂದಲೆಳೆ ಮುಂಚೆ ಬಿದ್ದರೆ ಏಟಿನ ಸದ್ದು ಬೆಸುಗೆಯನ್ನು ಮುಚ್ಚುತ್ತದೆ. ಕಾಲಿಂಚು ಟೇಪಿನ ರೂಢಿಯಂತೆ 45 ಡಿಗ್ರಿ ಓರೆಗೆ ಕೊಯ್ದರೆ ಇಲ್ಲಿ ಕೆಟ್ಟಿತು: ಎರಡಿಂಚು ಅಗಲಕ್ಕೆ ಕೊಯ್ತ ಒಂದು ಅಂಚಿಗಿಂತ ಇನ್ನೊಂದು ಅಂಚಿನಲ್ಲಿ ಟೇಪಿನ ಉದ್ದಕ್ಕೆ ಎರಡಿಂಚು ಆಚೆ ಬೀಳುತ್ತದೆ, 30 ಇಂಚಿನ ವೇಗದಲ್ಲಿ ಸುಮಾರು 67 ಮಿಲಿಸೆಕೆಂಡ್. ಕಿಕ್ ಒಮ್ಮೆ, ಸ್ನೇರ್ ಇನ್ನೊಮ್ಮೆ ದಾಟಿದ್ದು ಕಿವಿಗೆ ಸಿಕ್ಕಿಬೀಳುತ್ತದೆ. ಓರೆ ಕಡಿಮೆ ಇರಲಿ. ಬ್ಲೇಡು ಅಯಸ್ಕಾಂತವಾಗಿದ್ದರೆ ಜೋಡಿಸಿದಲ್ಲಿ 'ಟಕ್' ಅನ್ನುತ್ತದೆ. ಅಂಟುಪಟ್ಟಿ ಬೆನ್ನಿಗೇ ಹಚ್ಚಬೇಕು, ಸದ್ದು ದಾಖಲಾಗುವ ಆಕ್ಸೈಡ್ ಬದಿಗಲ್ಲ. ಕೊಯ್ದರೆ 24 ಟ್ರ್ಯಾಕೂ ಒಟ್ಟಿಗೆ ಕೊಯ್ದಂತೆ, ಹಾಗಾಗಿ ಓವರ್‌ಡಬ್ಬಿಗೆ (ಮೇಲಿಂದ ಇನ್ನಷ್ಟು ವಾದ್ಯ, ದನಿ ಸೇರಿಸುವುದಕ್ಕೆ) ಮುಂಚೆಯೇ ಈ ಕೆಲಸ ಮುಗಿಯಬೇಕು. ತೆಗೆದ ತುಂಡಿಗೆ ಹಾಡಿನ ಹೆಸರು, ದಿಕ್ಕಿನ ಬಾಣ ಬರೆದು ಗೋಡೆಗೆ ಅಂಟಿಸಿ. ಎಸೆದದ್ದೇ ಸಂಜೆಗೆ ಬೇಕಾಗುವುದು. ('ವೇಸ್ಟಿಂಗ್ ಲೈಟ್'ನ ಮೊದಲ ಸಿಡಿಗಳ ಜೊತೆ ಮಾಸ್ಟರ್ ಟೇಪಿನ ತುಂಡುಗಳನ್ನೇ ಹಂಚಿದರು. ಅಭಿಮಾನಿಗೆ ಹಬ್ಬ, ಟೇಪ್ ಕಾಪಿಡುವವನಿಗೆ ಸಂಕಟ.)

ಕೆಲಸ ಮುಗಿದ ಮೇಲೆ ರೀಲನ್ನು ಹಿಂದಕ್ಕೆ ಸುತ್ತದೆ, ಹಾಡಿನ ಕೊನೆ ಹೊರಗಿರುವಂತೆಯೇ ಡಬ್ಬಿಗೆ ಹಾಕಿ. ಸುತ್ತಿಟ್ಟ ಟೇಪಿನಲ್ಲಿ ಪದರದಿಂದ ಪದರಕ್ಕೆ ಇಳಿಯುವ ಸದ್ದಿನ ನೆರಳು ಆಗ ಹೆಚ್ಚಾಗಿ ಮೂಲ ಸದ್ದಿಗೆ ಮುಂಚೆ ಕೇಳದೆ ಅದರ ನಂತರ ಬರುತ್ತದೆ, ಗಿಟಾರಿನ ಅಬ್ಬರದಲ್ಲಿ ಮುಚ್ಚಿಹೋಗುತ್ತದೆ.