ತೂತಾದ ಅಲ್ಸರ್‌ಗೆ ತೇಪೆ ಹಾಕಿದರೆ ಸಾಕೇ?

"ಅಲ್ಸರ್ ತೂತಾಗಿ ಆಪರೇಷನ್ ಆಯಿತು. ಹೇಗೂ ಹೊಟ್ಟೆ ತೆರೆದಿದ್ದರಲ್ಲ, ಹುಣ್ಣನ್ನೇ ಯಾಕೆ ಕತ್ತರಿಸಿ ತೆಗೆಯಲಿಲ್ಲ?" ರೋಗಿಯ ಮನೆಯವರು ಪದೇ ಪದೇ ಕೇಳುವ ಪ್ರಶ್ನೆ ಇದು.

ಹಿಂದೆ ಹಾಗೇ ಮಾಡುತ್ತಿದ್ದರು. ಆಸಿಡ್ ತಗ್ಗಲೆಂದು ಜಠರದ ದೊಡ್ಡ ಭಾಗವನ್ನೇ ತೆಗೆಯುತ್ತಿದ್ದರು, ಇಲ್ಲವೇ ಆಸಿಡ್ ಸುರಿಸಲು ಜಠರಕ್ಕೆ ಸೂಚನೆ ಕೊಡುವ ವೇಗಸ್ ನರ ಕತ್ತರಿಸುತ್ತಿದ್ದರು. ಹುಣ್ಣು ಮಾಯುತ್ತಿತ್ತು. ಆದರೆ ಕೆಲವರಿಗೆ ಉಂಡ ಅರ್ಧ ಗಂಟೆಯೊಳಗೆ ಬೆವರು, ಎದೆಬಡಿತ, ಭೇದಿ ಶುರುವಾಗುತ್ತಿತ್ತು. ಜಠರ ತೆಗೆಸಿಕೊಂಡವರಲ್ಲಿ ವರ್ಷಗಳ ಮೇಲೆ ರಕ್ತಹೀನತೆ, ಬಿ12 ಕೊರತೆ. 1970ರ ದಶಕದಲ್ಲಿ ಸಿಮೆಟಿಡಿನ್, ಮುಂದೆ ಒಮೆಪ್ರಜೋಲ್ ಬಂದವು. 1982ರಲ್ಲಿ ಆಸ್ಟ್ರೇಲಿಯಾದ ವೈದ್ಯರಾದ ಮಾರ್ಷಲ್ ಮತ್ತು ವಾರೆನ್, ಹುಣ್ಣಿಗೆ ಕಾರಣವಾಗುವ ಕ್ರಿಮಿ ಹೆಲಿಕೋಬ್ಯಾಕ್ಟರ್ ಪೈಲೋರಿಯನ್ನು ಬೆಳೆಸಿ ತೋರಿಸಿದರು. ಆಸಿಡ್ ಇಳಿಸುವ ಕೆಲಸ ಚಾಕುವಿನಿಂದ ಮಾತ್ರೆಗೆ ಹೋಯಿತು. ರಕ್ತಸ್ರಾವಕ್ಕೂ ಈಗ ಮೊದಲು ಎಂಡೋಸ್ಕೋಪಿ.

ಸರ್ಜನ್‌ಗೆ ಮುಖ್ಯವಾಗಿ ಉಳಿದದ್ದು ತೂತು. ಅದರ ಸುತ್ತಲಿನ ಅಂಗಾಂಶ ಊದಿ ಮೆತ್ತಗಾಗಿರುತ್ತದೆ. ಅಂಚುಗಳನ್ನು ಎಳೆದು ಕೂಡಿಸಹೋದರೆ ದಾರ ಸೀಳಿಕೊಂಡು ಬರುತ್ತದೆ. ಹಾಗಾಗಿ 3-4 ಹೊಲಿಗೆ ಹಾಕಿ, ದಾರದ ತುದಿಗಳನ್ನು ಉದ್ದಕ್ಕೆ ಬಿಟ್ಟು, ಕರುಳಿನ ಮೇಲೆ ಹೊದ್ದಿರುವ ಕೊಬ್ಬಿನ ಪದರ ಓಮೆಂಟಮ್‌ನ ಒಂದು ತುಂಡನ್ನು ಬೇರ್ಪಡಿಸದೆ ತೂತಿನ ಮೇಲೆ ತಂದಿಟ್ಟು, ಅದರ ಮೇಲೆ ಗಂಟು ಹಾಕುತ್ತಾರೆ. ಗಂಟು ಬಿಗಿಯಾದರೆ ಆ ಪದರಕ್ಕೆ ರಕ್ತ ಹೋಗುವುದು ನಿಂತು ಅದು ಸಾಯುತ್ತದೆ, ತೇಪೆ ಸೋರುತ್ತದೆ, ಸಡಿಲವಾದರೆ ಜಾರುತ್ತದೆ. ತೂತಿನಿಂದ ಹೊಟ್ಟೆಯೊಳಗೆ ಚೆಲ್ಲಿದ್ದನ್ನು ಲೀಟರ್‌ಗಟ್ಟಲೆ ಬೆಚ್ಚಗಿನ ಸಲೈನ್‌ನಿಂದ ತೊಳೆಯಬೇಕು. ತೂತು 2 ಸೆಂ.ಮೀ.ಗಿಂತ ದೊಡ್ಡದಾದರೆ ಬರೀ ತೇಪೆಯನ್ನು ನಂಬುವುದು ಕಷ್ಟ. ಹುಣ್ಣು ಸಣ್ಣಕರುಳಿನ ಮೊದಲ ಭಾಗದ್ದಲ್ಲದೆ ಜಠರದ್ದಾದರೆ ಅಂಚಿನಿಂದ ಬಯಾಪ್ಸಿ ಬೇಕೇ ಬೇಕು, ಕ್ಯಾನ್ಸರ್ ಕೂಡ ಹೀಗೇ ತೂತಾಗುತ್ತದೆ.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ತಡವಾಗಿ ಬಂದವರು, ಬಿಪಿ ಕುಸಿದವರು, ಬೇರೆ ಕಾಯಿಲೆಯಿರುವ ವೃದ್ಧರು ಉಳಿಯುವುದು ಇಂದಿಗೂ ಕಷ್ಟ. 2013ರ ಡೆನ್ಮಾರ್ಕ್ ಅಧ್ಯಯನದಲ್ಲಿ, ಆಪರೇಷನ್ ತಡವಾದ ಒಂದೊಂದು ಗಂಟೆಗೂ ಬದುಕುವ ಸಾಧ್ಯತೆ ಸರಾಸರಿ 2.4% ಇಳಿದಿತ್ತು. ಹಠಾತ್ತನೆ ಚಾಕು ಇರಿದಂತೆ ನೋವು ಬಂದು ಹೊಟ್ಟೆ ಹಲಗೆಯಂತೆ ಬಿಗಿಯಾದರೆ, ಗ್ಯಾಸ್ ಎಂದು ಮಾತ್ರೆ ನುಂಗಿ ಬೆಳಗಿನವರೆಗೆ ಕಾಯಬೇಡಿ.

ತೇಪೆ ತೂತನ್ನು ಮುಚ್ಚುತ್ತದೆ, ಹುಣ್ಣಿನ ಕಾರಣವನ್ನಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ ಬರೀ ಆಸಿಡ್ ಮಾತ್ರೆ ಇದ್ದರೆ ಪೈಲೋರಿ ಪರೀಕ್ಷೆ ಆಯಿತೇ ಎಂದು ಕೇಳಿ. ಇದ್ದದ್ದು ಖಚಿತವಾದರೆ ಸಾಮಾನ್ಯವಾಗಿ 14 ದಿನಗಳ ಆ್ಯಂಟಿಬಯಾಟಿಕ್ ಸೇರಿದ ಪೂರ್ತಿ ಕೋರ್ಸ್. ಅದು ಮುಗಿದು ಕನಿಷ್ಠ 4 ವಾರದ ನಂತರ ಉಸಿರಿನ ಅಥವಾ ಮಲದ ಮರುಪರೀಕ್ಷೆ. ಅದಕ್ಕೂ 2 ವಾರ ಮೊದಲು ಒಮೆಪ್ರಜೋಲ್‌ನಂಥ ಮಾತ್ರೆಯನ್ನು ವೈದ್ಯರನ್ನು ಕೇಳಿ ನಿಲ್ಲಿಸಬೇಕು, ಇಲ್ಲದಿದ್ದರೆ ಕ್ರಿಮಿ ಇದ್ದರೂ ಇಲ್ಲವೆಂದು ಬರಬಹುದು. ಮಂಡಿನೋವಿಗೆಂದು ನುಂಗುವ ಡೈಕ್ಲೋಫೆನಾಕ್‌ನಂಥ ಮಾತ್ರೆಗಳೂ ಹುಣ್ಣಿಗೆ ಕಾರಣ, ಅವುಗಳ ಬಗ್ಗೆಯೂ ವೈದ್ಯರಿಗೆ ಅವತ್ತೇ ಹೇಳಿಬಿಡಿ.